ದಿಂಬಿನ ಲೆಕ್ಕ

ತಾಳಿಕೋಟಿಯ ರಾಜೇಸಾಬ ನದಾಫ
ಯುಗಾದಿಗೆ ಬಂದಾಗ ಒಂದು ದಿಂಬಿನ ಮನುಷ್ಯ.
ಕಾರಹುಣ್ಣಿಮೆಗೆ ಎರಡು.
ಈಗ ಸೀಗಿಹುಣ್ಣಿಮೆ, ವಿಜಯಪುರದ ವಾರ್ಡಿನಲ್ಲಿ
ಹದಿನಾಲ್ಕನೇ ಮಂಚ, ಬೆನ್ನಿಗೆ ನಾಲ್ಕು,
ಹೆಚ್ಚುಕಮ್ಮಿ ಕೂತೇ ನಿದ್ದೆ.
ನಲವತ್ತು ವರ್ಷ ಬಿಲ್ಲು ಮೀಟಿ ಅರಳೆ ಹಿಂಜಿದವನು,
ಗಾದಿ ಹೊಲಿದವನು;
ಅರ್ಧ ಊರು ಅವನ ಅರಳೆಯ ಮೇಲೆ ಹುಟ್ಟಿದೆ.

ಫೈಲು ದಪ್ಪವಾಗಿದೆ. ತೂಕ, ಉಪ್ಪು, ನೀರಿನ ಗುಳಿಗೆ,
ಎಕೋದವರು ಬರೆದ ಇಪ್ಪತ್ತೆಂಬ ಅಂಕಿ.
ಕಾಲಿಗೆ ಹೆಬ್ಬೆಟ್ಟು ಒತ್ತಿದರೆ ಗುಳಿ ಹಾಗೇ ಉಳಿಯುತ್ತದೆ,
ಪಕ್ಕದ ಮಂಚದ ಬಿಪಿ ನೋಡಿ ಬರುವತನಕ.
ಐದು ಸಲ ನೀರು ಇಳಿಸಿ ಕಳಿಸಿದೆವು.
ಐದು ಸಲವೂ ಮಾಬೂಬಿ
ಅದೇ ಚೀಲ, ಅದೇ ಚಾದರ ಹೊತ್ತು ಬಂದಳು.

ಹೊಸ ಡಾಕ್ಟರಮ್ಮ ರೌಂಡ್ಸಿನಲ್ಲಿ
ಮಂಚದಿಂದ ದೂರ, ಕಿಟಕಿಯ ಹತ್ತಿರ ಕೇಳಿದರು:
"ಬರೋ ಸೀಗಿಹುಣ್ಣಿಮಿಯೊಳಗ ಇವರು ಹೋದರ
ನಿಮಗ್ಯಾರಿಗರೆ ಆಶ್ಚರ್ಯ ಆಗತೈತೇನು?"
ಇಂಟರ್ನ್ ಹುಡುಗ ಪೆನ್ನಿನ ಟೊಪ್ಪಿಗೆ ತೆಗೆದ, ಹಾಕಿದ.
"ಕ್ಯಾನ್ಸರ್ ಅಲ್ಲಲ್ರಿ ಮೇಡಮ್" ಅಂದ.
ನಾನು ಸುಮ್ಮನಿದ್ದೆ. ಆಗುವುದಿಲ್ಲ ಎಂದು
ಕಾರಹುಣ್ಣಿಮೆಯಿಂದಲೇ ಗೊತ್ತಿತ್ತು;
ಬಾಯಿ ಬಿಟ್ಟರೆ ಶಾಪ ಹಾಕಿದಂತೆ ಎಂದು ನುಂಗಿದ್ದೆ.

ಮಧ್ಯಾಹ್ನ ಸ್ಟೂಲು ಎಳೆದು ಕೂತೆ,
ಇಷ್ಟು ತಿಂಗಳಲ್ಲಿ ಮೊದಲ ಸಲ.
"ಕಾಕಾ, ಎದಕ್ಕ ಅಂಜಿಕಿ ಬರತೈತಿ?"
ಒಂದು ಮಾತು, ಒಂದು ಉಸಿರು, ಮತ್ತೆ ಒಂದು ಮಾತು.
"ಸಾಯೂದಕ್ಕಲ್ಲವ್ವ. ನಡುರಾತ್ರಿ
ಬಾವ್ಯಾಗ ಮುಳುಗಿದಂಗ ಆಗತೈತಿ.
ಇಕಿ ಎದ್ದು ಕುಂತು ಅಳತಾಳ. ಅದಕ್ಕ."
ಮಾಬೂಬಿ ಸೆರಗಿನ ಚುಂಗು ಕಚ್ಚಿದಳು.
ಆ ನಿದ್ದೆಗೆಟ್ಟ ಕಣ್ಣುಗಳಿಗೆ
ಫೈಲಿನಲ್ಲಿ ಜಾಗವೇ ಇರಲಿಲ್ಲ.

ಹಳೆಯ ಗುಳಿಗೆ ಯಾವುದನ್ನೂ ನಿಲ್ಲಿಸಲಿಲ್ಲ.
ಉಸಿರಿನ ಹಸಿವಿಗೆ ಹನಿಯಷ್ಟು ಮಾರ್ಫಿನ್,
ಮೋರೆಗೆ ಗಾಳಿ ಬೀಸುವ ಪುಟ್ಟ ಫ್ಯಾನು,
ನಡುರಾತ್ರಿಯೂ ಎತ್ತುವ ಒಂದು ಫೋನ್ ನಂಬರು.
ಕೊನೆಗೆ ಅವನೇ ಹೇಳಿ ಬರೆಸಿದ ಸಾಲು:
ಬಾಯಾಗ ನಳಿಗಿ ಬ್ಯಾಡ, ಮನ್ಯಾಗ ಇರತೀನಿ.

ಹೊರಡುವ ದಿನ ಆಸ್ಪತ್ರೆಯ ದಿಂಬು ಹಿಂತಿರುಗಿಸುತ್ತ
ನಡುವೆ ಬೆರಳೊತ್ತಿ ಗಂಟು ತೋರಿಸಿದ.
"ಯಾವಂವ ತುಂಬ್ಯಾನವ್ವ ಇದನ್ನ?"
ನಗಲು ಹೋಗಿ ಕೆಮ್ಮಿದ, ಕೆಮ್ಮಿ ಮತ್ತೆ ನಕ್ಕ.
ಅಳಿಯನ ಕ್ರೂಸರ್ ಗೇಟಿನಲ್ಲಿ ಹಾರ್ನು ಹೊಡೆಯುತ್ತಿತ್ತು.

ಸಂಜೆಗೇ ಹದಿನಾಲ್ಕಕ್ಕೆ ಇಂಡಿ ಕಡೆಯವರೊಬ್ಬರು ಬಂದರು,
ಚಪ್ಪಲಿಯೊಳಗೆ ಹಿಡಿಯದ ಪಾದ.
ಬಿಪಿ ಪಟ್ಟಿ ಸುತ್ತುವ ಮೊದಲೇ ಕೇಳಿದೆ:
"ರಾತ್ರಿ ಎಷ್ಟು ದಿಂಬು ಬೇಕಾಗತಾವ್ರಿ?"
ಅವರು ಒಂದು ಅಂದರು.
ಮೂರು ಅಂದದ್ದು ಮಗಳು.