ಬಲ ಹೆಗಲಿನ ಚುಕ್ಕೆ

ಮನಾಮದ ಗಲ್ಲಿ. ಬಾಬ್ ಅಲ್ ಬಹರೈನಿನ ಬೆನ್ನಿಗೆ
ಮೊಹರು, ನಾಮಫಲಕ, ಟ್ರೋಫಿಗೆ ಹೆಸರು ಕೊರೆಯುವ ಅಂಗಡಿ.
ಏಸಿ ತೊಟ್ಟಿಕ್ಕುವಲ್ಲಿ ಹಾಲಿನ ಪುಡಿಯ ಡಬ್ಬಿ ಇಟ್ಟಿದ್ದೇನೆ,
ಹನ್ನೊಂದಕ್ಕೆ ತುಂಬುತ್ತದೆ, ಚೆಲ್ಲಿ ಬರುತ್ತೇನೆ.
ಚೆಲ್ಲಿ ಬಂದಾಗ ಆಕೆ ನಿಂತಿದ್ದಳು,
ಕೈಯಲ್ಲಿ ಚೀಟಿ.

ಸಿತ್ರಾದ ತೈಲಾಗಾರದಲ್ಲಿ ಇಂಜಿನಿಯರು. ಊರು ತೈವಾನಿನ ಕಡಲ ಕರೆ.
ಕಂಪನಿಯ ಕಾರ್ಡಿನಲ್ಲಿ ಅವಳು ವೂ.
ಬಾಗಿಲಿಗೆ ಮಾತ್ರ, ಅಂದಳು, ಮನೆಯವರು ಕರೆಯುವ ಹಾಗೆ ಬೇಕು:
ಗೋ ಛಾಯ್-ಹಾ.
ಗೋ ಅಂದರೆ ನಮ್ಮಲ್ಲಿ ದನ, ಅಂದೆ.
ನಕ್ಕಳು. ಚುಕ್ಕೆ ಬಿಟ್ಟರೆ ನಮ್ಮಲ್ಲಿ ಹೆಬ್ಬಾತು.

ನೋಡಿದೆ: ಇಂಗ್ಲಿಷಿನ ದುಂಡು ಓ,
ತಲೆಗೆ ಮುಟ್ಟಾಳೆ,
ಬಲ ಹೆಗಲ ಮೇಲೆ, ಸೊಳ್ಳೆ ಕೂತಷ್ಟು, ಒಂದು ಚುಕ್ಕೆ.
ಚುಕ್ಕೆ ಇದ್ದರೆ ಬಾಯಿ ಅಗಲ, ದವಡೆ ಕೆಳಗೆ;
ಇಲ್ಲದಿದ್ದರೆ ಕಿರಿದು.
ಹೋ ಅಂದರೆ ಒಳ್ಳೆಯದು, ಚುಕ್ಕೆಯ ಹೋ ಹುಲಿ.
ಕೋ ಅಣ್ಣ, ಚುಕ್ಕೆಯ ಕೋ ಸೋದರತ್ತೆ.
ಚೀನೀ ಅಕ್ಷರ ಒಂದೂ ಬಾರದ ಅವಳಜ್ಜಿ
ಈ ಚುಕ್ಕೆಗಳನ್ನು ಹಿಡಿದೇ ಬೈಬಲು ಓದಿದಳಂತೆ,
ಮರುವಾಯಿ ಮಾರಿದ ಲೆಕ್ಕ ಬರೆದಳಂತೆ.

ಕಂಪ್ಯೂಟರಿಗೆ ಹಾಕಿದೆ. ಖಾಲಿ ಚೌಕ ತೋರಿಸಿತು,
ಬಾಡಿಗೆಗೆ ಯಾರೂ ಬಾರದ ಕೋಣೆ.
ಬೇರೆ ಅಚ್ಚಿಗೆ ಹೋದೆ; ಚುಕ್ಕೆ ಮುಟ್ಟಾಳೆಯ ಮೇಲೇರಿತು.
ಇನ್ನೊಂದರಲ್ಲಿ ಓವನ್ನು ಬಿಟ್ಟು ಮುಂದೆ ನಡೆದು
ಪೂರ್ಣವಿರಾಮವಾಗಿ ಕೂತಿತು.
ಚುಕ್ಕೆ ಬಿಡೋಣ, ಯಾರು ನೋಡುತ್ತಾರೆ, ಅಂದೆ.
ಅರಬಿಯಲ್ಲಿ ಪ ಇಲ್ಲದೆ ಕೂಸಪ್ಪ ಹೋಗಿ ಕೂಸಬ್ಬನಾಗಿ
ಹತ್ತೊಂಬತ್ತು ವರ್ಷ ದುಡಿದವನು ನಾನು.

ಒಳಗಿನಿಂದ ಹಾಜಿ ಮಕ್ಕಿ ಕೇಳಿಸಿಕೊಂಡ.
ಅಕ್ಷರ ಬರೆದು ಹಳತಾದ ಕೈ, ಈಗ ಚಹಾ ಲೋಟಕ್ಕೂ ನಡುಗುತ್ತದೆ.
ಹುಬ್ಬ್ ಅಂದರೆ ಪ್ರೀತಿ, ಅಂದ. ಅದರ ಹೊಟ್ಟೆಗೊಂದು ಚುಕ್ಕೆ ಇಡು,
ಜುಬ್ಬ್: ಪಾಳುಬಾವಿ.
ಯಾರು ನೋಡುತ್ತಾರೆ ಅಂತೀಯಾ?
ಬಿದ್ದವನು ನೋಡುತ್ತಾನೆ.

ವಾರಿಜಕ್ಕ ನೆನಪಾದಳು.
ಕಾಗದವೆಲ್ಲ ಕನ್ನಡದಲ್ಲೇ ಬರೆಯುತ್ತಿದ್ದವನು
ಆ ಒಂದು ಸಲ, ಜ್ವರ ಬಿಟ್ಟ ಖುಷಿಗೋ ಏನೋ, ತುಳುವಿನಲ್ಲಿ ಬರೆದೆ.
ಲೋಕಯ್ಯನ ಹತ್ತಿರ ಸಾಮಾನು ಕೊಟ್ಟಿದ್ದೇನೆ, ಶುಕ್ರವಾರ ಬರ್ಪೆ.
ಬರ್ಪೆ: ಬರುತ್ತಾನೆ.
ಬರ್ಪೆ: ಬರುತ್ತೇನೆ.
ನಾಲಗೆಗೆ ಎರಡು; ಬಾಯಿ ಒಂದಿಷ್ಟು ತೆರೆದರೆ ನಾನು, ಕಿರಿದಾದರೆ ಅವನು.
ಕನ್ನಡದ ಎತ್ವಕ್ಕೆ ಎರಡೂ ಒಂದೇ.
ಅಕ್ಕ ಬಾಯಿ ತೆರೆದು ಓದಿದಳು.
ಹೆಜಮಾಡಿ ಬಸ್‌ಸ್ಟಾಪಿನಲ್ಲಿ ಮಕ್ಕಳಿಗೆ ತಲೆ ಬಾಚಿ ನಿಲ್ಲಿಸಿ
ಮೂರು ಬಸ್ಸು ನೋಡಿದಳು. ನಾಲ್ಕನೆಯದರಿಂದ
ನನ್ನ ಸೂಟ್‌ಕೇಸು ಇಳಿಯಿತು.
ಹಿಂದೆ ಲೋಕಯ್ಯ.
ಆಮೇಲಿನ ಕಾಗದದಲ್ಲಿ ಅವಳು ಅದನ್ನು ಬರೆಯಲಿಲ್ಲ,
ಲೋಕಯ್ಯನೇ ಹೇಳಿದ್ದು, ಎರಡು ವರ್ಷ ಕಳೆದು.

ಓ ಕೊರೆದಾಗಿತ್ತು, ಮುಟ್ಟಾಳೆಯೂ. ಯಂತ್ರದ ಸ್ವಿಚ್ಚು ಆರಿಸಿದೆ.
ಹಿತ್ತಾಳೆ ತಗಡನ್ನು ಮರದ ತುಂಡಿನ ಮೇಲಿಟ್ಟು
ಮೊಳೆಯಂಥ ಪಂಚು ಹಿಡಿದು ಅವಳನ್ನೇ ಕೇಳಿದೆ: ಎಲ್ಲಿ?
ಉಗುರಿನಿಂದ ತೋರಿಸಿದಳು. ಇನ್ನೂ ಕೊಂಚ ಆಚೆ. ಹಾಂ.
ಒಂದೇ ಏಟು.

ಅಕ್ಷರಕ್ಕೆ ಇನ್ನೂರು ಫಿಲ್ಸ್, ಚುಕ್ಕೆಗೆ ದುಡ್ಡಿಲ್ಲ, ಅಂದ ಮಕ್ಕಿ.
ಹೊಸ್ತಿಲಲ್ಲಿ ನಿಂತು ಅವಳು ಹೆಸರನ್ನೊಮ್ಮೆ ಓದಿಕೊಂಡಳು,
ದವಡೆ ಇಳಿಸಿ, ಯಾರನ್ನೋ ಕರೆದ ಹಾಗೆ.
ಡಬ್ಬಿ ಮತ್ತೆ ಅರ್ಧ ತುಂಬಿತ್ತು.

ರಾತ್ರಿ ಅಕ್ಕನಿಗೆ ಫೋನು ಮಾಡಿದೆ.
ಬಾಯಿ ಎಷ್ಟು ಬೇಕೋ ಅಷ್ಟೇ ತೆರೆದು
ಬರ್ಪೆ, ಅಂದೆ.
ಸ್ವಲ್ಪ ಹೊತ್ತು ಸುಮ್ಮನಿದ್ದು,
ಯಾರು, ಅಂದಳು.