ಮೂವತ್ತನಾಲ್ಕನೇ ಸುತ್ತು

ಹೊರಗೆ ವಾದಿ ಕಬೀರಿನ ಕಲ್ಲುಗುಡ್ಡಗಳ ಮೇಲೆ ನಲವತ್ತೇಳು ಡಿಗ್ರಿ.
ಒಳಗೆ ಮೈನಸ್ ಎಂಬತ್ತರ ಪೆಟ್ಟಿಗೆ;
ಬಾಗಿಲು ತೆರೆದರೆ ಹೊಗೆಯಂಥ ಚಳಿ ಮೊಣಕೈವರೆಗೆ ಬಂದು
ಬಳೆಯಿಲ್ಲದ ಕೈಯನ್ನು ಮೂಸಿ ನೋಡುತ್ತದೆ.

ಹೆಸರಿಲ್ಲ, ನಂಬರು ಮಾತ್ರ.
ಎಡಗಡೆಯ ಕಿಡ್ನಿ, ಗಡ್ಡೆ ಏಳು ಸೆಂಟಿಮೀಟರು,
ಬಣ್ಣ ಮಾಗಿದ ಹಲಸಿನ ತೊಳೆಯದು.
ಮೇಣದಲ್ಲಿ ಹುದುಗಿಸಿ, ಎಳೆಯೆಳೆಯಾಗಿ ಹೆರೆದು,
ಮೇಣ ಕರಗಿಸಿ ನಾನು ಹುಡುಕುವುದು ಒಂದು ಚೂರು:
ಇಪ್ಪತ್ತೆರಡೇ ಅಕ್ಷರ.
ಶಬ್ದಕ್ಕಿಷ್ಟು ಎಂದು ಲೆಕ್ಕ ಹಾಕಿ
ಅಪ್ಪ ಕೊಡುತ್ತಿದ್ದ ಟೆಲಿಗ್ರಾಮಿನಷ್ಟು.

ಮೈಕ್ರೋ ಆರ್‌ಎನ್‌ಎ ಏನನ್ನೂ ಕಟ್ಟುವುದಿಲ್ಲ.
ಜೀನು ಕಳಿಸಿದ ಓಲೆ ದಾರಿಯಲ್ಲಿ ಸಿಕ್ಕರೆ
ಅದರ ಮೇಲೆ ಹೋಗಿ ಕೂತುಬಿಡುತ್ತದೆ.
ಆಮೇಲೆ ಆ ಓಲೆಯನ್ನು ಯಾರೂ ಓದುವುದಿಲ್ಲ. ಅಷ್ಟೇ ಅದರ ಕಸುಬು.
ನಾನು ಹುಡುಕುವ ಇದು ಸಾಕಷ್ಟಿದ್ದರೆ ಗಡ್ಡೆಗೆ ಲಗಾಮು;
ಇಲ್ಲವಾದರೆ ಹೇಳುವವರಿಲ್ಲ, ಕೇಳುವವರಿಲ್ಲ.

ಯಂತ್ರ ಸುತ್ತುತ್ತದೆ. ಇಪ್ಪತ್ತೈದು. ಇಪ್ಪತ್ತೆಂಟು.
ಗೆರೆ ನೆಲ ಬಿಟ್ಟು ಏಳಬೇಕಾದ ಹೊತ್ತು.
ಏಳಲಿಲ್ಲ.
ಮೂವತ್ತನಾಲ್ಕನೇ ಸುತ್ತಿಗೆ ತಡವರಿಸಿ ತಲೆಯೆತ್ತಿತು.

ಇಷ್ಟು ಕಡಿಮೆ ಇದ್ದವರ ಗೆರೆ ನಮ್ಮ ಗ್ರಾಫಿನಲ್ಲಿ
ಮೆಟ್ಟಿಲಿಳಿದ ಹಾಗೆ ಇಳಿಯುತ್ತದೆ, ಬೇಗ ಬೇಗ.
ಅದು ನೂರು ಜನರ ಮಾತು.
ಒಬ್ಬನ ಮಾತು ಅದಕ್ಕೆ ಬಾರದು.
ಇನ್ನೂ ಸಂಶೋಧನೆ, ರೋಗಿಗೆ ತಿಳಿಸುವಂತಿಲ್ಲ
ಎಂದು ಒಪ್ಪಿಗೆ ಪತ್ರದ ಕೊನೆಯ ಸಾಲು.
ಆ ಸಾಲನ್ನು ಕನ್ನಡಕ್ಕೆ ತಿರುಗಿಸಿ ಓದಿ ಹೇಳಿದವಳು ನಾನೇ,
ಮರವಂತೆಯ ಸೂರ ಮೊಗವೀರರಿಗೆ,
ಮತ್ರಾ ಬಂದರಿನ ಟಗ್ಗಿನಲ್ಲಿ ಹಗ್ಗ ಎಸೆಯುವವರಿಗೆ.
"ಅಕ್ಕು ಅಕ್ಕು" ಎನ್ನುತ್ತ ಹೆಬ್ಬೆಟ್ಟಿನಷ್ಟೇ ಅಗಲದ ಸಹಿ ಹಾಕಿದ್ದರು.
ಹಾಗಾಗಿ ನಂಬರಿಗೆ ನನ್ನ ಮಟ್ಟಿಗೆ ಒಂದು ಮುಖವಿದೆ.

ಗುರುವಾರ ಕಿಟಕಿಗೆ ಬಂದರು.
ಹೊಲಿಗೆಯ ಕಡೆಗೆ ಸ್ವಲ್ಪ ವಾಲಿ ನಿಂತರು.
ಕೈಯಲ್ಲಿ ಪತಾಕ. ಬಾವುಟವಲ್ಲ;
ವಾಸದ ಕಾರ್ಡಿಗೆ ಇಲ್ಲಿ ನಮ್ಮವರು ಹಾಗೆನ್ನುತ್ತಾರೆ.
"ಕಂಪ್ನಿಯವ್ರ್ ಕೇಂತ್ರ್, ಮಗಾ.
ಒಂದ್ ವರ್ಷಕ್ ಮಾಡ್ಸುದಾ, ಎರಡಕ್ಕಾ?
ನೀ ಕಲ್ತವ್ಳ್, ಹೇಳ್."

ಓಲೆ ಗಂಟಲವರೆಗೆ ಬಂದಿತ್ತು.
ಅದರ ಮೇಲೆ ಹೋಗಿ ಕೂತುಬಿಟ್ಟೆ.

"ಎರಡಕ್ಕೇ ಮಾಡ್ಸಿ."

ಕಾರ್ಡನ್ನು ಅಂಗಿಯ ಕಿಸೆಗಿಟ್ಟರು, ಗುಂಡಿ ಹಾಕಿದರು,
ಮೇಲಿಂದ ಒಮ್ಮೆ ಒತ್ತಿ ನೋಡಿಕೊಂಡರು,
ಬಿಸಿಲಿಗೆ ಇಳಿದರು.