ಸೊನ್ನೆ ರೂಪಾಯಿ ಟಿಕೆಟ್ಟು

ಮೊದಲ ದಿನ ಕಂಡಕ್ಟರು ಆಧಾರ್ ಕಾರ್ಡು ನೋಡಿ
ಸೊನ್ನೆ ರೂಪಾಯಿ ಟಿಕೆಟ್ಟು ಹರಿದು ಕೊಟ್ಟಾಗ
ಚಿಲ್ಲರೆಗೆಂದು ಬಿಚ್ಚಿದ ಎಲೆಯಡಿಕೆ ಚೀಲ
ಬಾಯಿ ತೆರೆದುಕೊಂಡೇ ಕೂತಿತ್ತು ಮಡಿಲಲ್ಲಿ.
ಅರವತ್ತೇಳು ವರ್ಷ.
ಎಲ್ಲಿಗೆ ಹೋಗುವುದಕ್ಕೂ ಕೇಳಬೇಕಿತ್ತು:
ಅಪ್ಪನನ್ನು, ಆಮೇಲೆ ಇವರನ್ನು,
ಇವರು ಹೋದ ಮೇಲೆ ಸೊಂಟದ ನೋವನ್ನು.

ಹಾಸನದ ಸಾಲಗಾಮೆ ರಸ್ತೆಯಲ್ಲಿ ಬಾಡಿಗೆ ಮನೆ.
ಮಗಳು ಮಂಗಳಗೌರಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ,
ಅಳಿಯ ಗೋಡೆಗೆ ಬಣ್ಣ ಬಳಿಯುವ ಮೇಸ್ತ್ರಿ.
ಅವನ ಖಾಲಿ ಡಬ್ಬಗಳೆಲ್ಲ ತಾರಸಿಯ ಮೇಲೆ ನನ್ನ ಕುಂಡಗಳು.
ಇಪ್ಪತ್ತು ಲೀಟರಿನದರಲ್ಲಿ ಬದನೆ, ಇನ್ನೊಂದರಲ್ಲಿ ಆಲೂಗಡ್ಡೆ,
ನಾಲ್ಕು ಲೀಟರಿನದರಲ್ಲಿ ದೊಡ್ಡಪತ್ರೆ.
ಒಂದರಲ್ಲಿ ಬರೀ ಮಣ್ಣು.
ಯಾಕೆಂದು ಯಾರೂ ಕೇಳಲಿಲ್ಲ.

ಕದ್ದ ಗಿಡ ಬೇಗ ಹತ್ತುತ್ತದೆ,
ಕೇಳಿ ತಂದದ್ದು ಮುನಿಸಿಕೊಳ್ಳುತ್ತದೆ, ಅನ್ನುತ್ತಿದ್ದಳು ಅವ್ವ.
ಆಷಾಢದಲ್ಲಿ ಆಲೂರಿಗೆ ಹೋದೆ, ನಾದಿನಿ ಕಣ್ಣಿನ ಪೊರೆ ತೆಗೆಸಿದ್ದಳು.
ಬರುವಾಗ ಸೆರಗಿನೊಳಗೆ ಒಂದು ಗೇಣು ಕೆಂಪು ದಾಸವಾಳ.
ಕಣ್ಣಿಗೆ ಪಟ್ಟಿ ಕಟ್ಟಿದ್ದಳಲ್ಲ, ಕಷ್ಟವೇನೂ ಆಗಲಿಲ್ಲ.
ಭಾದ್ರಪದದಲ್ಲಿ ಚಿಕ್ಕಮಗಳೂರು,
ತಮ್ಮನ ಮೊಮ್ಮಗುವಿಗೆ ಹೆಸರಿಡುವ ದಿನ.
ಹೆಸರು ನಾಲಗೆಗೆ ಹತ್ತಲಿಲ್ಲ,
ಗೇಟಿನ ಪಕ್ಕದ ಕಣಗಿಲೆ ಹತ್ತಿತು.
ಮಾರ್ಗಶಿರದಲ್ಲಿ ಎರಡು ಸಾವಿನ ಮನೆ.
ಅಲ್ಲಿಂದ ಏನೂ ತರಲಿಲ್ಲ.

ಟಿಕೆಟ್ಟನ್ನೇ ಕಡ್ಡಿಗೆ ಸಿಕ್ಕಿಸಿ ಡಬ್ಬಕ್ಕೆ ಚುಚ್ಚುತ್ತಿದ್ದೆ,
ಯಾವ ಗಿಡ ಯಾವ ಊರಿನದೆಂದು ತಿಳಿಯಲಿ ಅಂತ.
ಮೊಮ್ಮಗಳು ಹಂಸಿನಿ ಮೇಲೆ ಟೇಪು ಅಂಟಿಸಿದಳು, ನೆನೆಯಬಾರದೆಂದು.
ಮಳೆ ಏನೂ ಮಾಡಲಿಲ್ಲ, ಬಿಸಿಲು ಅಳಿಸಿತು.
ಮೊದಲು ಊರು, ಆಮೇಲೆ ತಾರೀಕು,
ಕಡೆಗೆ ಸೊನ್ನೆಯೂ.

ಕಾರ್ತಿಕದ ಮಾತು ಬಿಟ್ಟೆ.
ಕಾರ್ತಿಕದಲ್ಲಿ ಅರಸೀಕೆರೆಯಲ್ಲಿ ಬಸ್ಸು ಬದಲಿಸಿ
ಕಡೂರಿಗೆ ಹೋದೆ, ತಂಗಿ ನಿಂಗಾಜಿಯ ಮನೆಗೆ.
ಅವ್ವನ ಹನ್ನೊಂದನೇ ದಿನ
ಅಡ್ಡಿಕೆ ಯಾರಿಗೆಂದು ಎದ್ದ ಮಾತು
ಒಂಬತ್ತು ವರ್ಷ ಕೂತಿರಲಿಲ್ಲ.
ಅದನ್ನು ಮಾರಿ ಗಂಡನ ಕಿಡ್ನಿಗೆ ಹಾಕಿದಳಂತೆ.
ನನಗೆ ಹೇಳಿದ್ದು ಬೇರೆ ಯಾರೋ.

ಜಗಲಿಯಲ್ಲಿ ರಾಗಿ ಕೇರುತ್ತಿದ್ದಳು. ಒಳಗೆ ಬಾ ಅನ್ನಲಿಲ್ಲ.
"ವಾಪಸ್ ಬಸ್ಸು ಎಷ್ಟೊತ್ತಿಗೆ?" ಅಂದಳು.
ಕಾಫಿಗೆ ಮಾತ್ರ ಮೊದಲಿನ ಹಾಗೆ ಎರಡು ಚಮಚ ಸಕ್ಕರೆ.
ನನಗೆ ಸಕ್ಕರೆ ಕಾಯಿಲೆ ಬಂದದ್ದು ಅವಳಿಗೆ ಗೊತ್ತಿಲ್ಲ.
ಕುಡಿದೆ.
ಹಿತ್ತಲಲ್ಲಿ ಅವ್ವನ ಸೂಜಿಮಲ್ಲಿಗೆ ಮಾಡಿಗೆ ಹಬ್ಬಿತ್ತು.
ತವರಿನ ಅಂಗಳದ ಮೇಲೆ ಈಗ ಲಾರಿ ಓಡುತ್ತವೆ, ನಾಲ್ಕು ಸಾಲು;
ಉಳಿದದ್ದು ಇದೊಂದೇ ಬುಡ.
ಹೊರಡುವಾಗ ಅವಳೇ ಕತ್ತರಿ ತಂದು ನೀಟಾಗಿ ಕತ್ತರಿಸಿ
ಒದ್ದೆ ಬಟ್ಟೆ ಸುತ್ತಿ ಕೊಟ್ಟಳು.

ಹತ್ತಲಿಲ್ಲ.
ಹದಿನೆಂಟು ದಿನ ನೋಡಿದೆ.
ಬುಡ ಕೆದಕಬೇಡ ಅಂದಳು ಮಗಳು. ಕೆದಕಿದೆ.

ಪುಷ್ಯ ಮುಗಿಯುವ ಮುಂಚೆ
ಸೊಗಡಿನ ಅವರೆಕಾಯಿ ಹೊತ್ತು ಮತ್ತೆ ಹೋದೆ.
"ನೀನು ಕೊಟ್ಟಿದ್ದು ಒಣಗಿತು ಕಣೇ."
"ಕೊಟ್ಟರೆ ಎಲ್ಲಾದರೂ ಹತ್ತುತ್ತದಾ," ಅಂದು
ಎದ್ದು ಅಡುಗೆಮನೆಗೆ ಹೋದಳು.
ಪಾತ್ರೆಗಳನ್ನು ದಡಬಡ ಸದ್ದು ಮಾಡಿದಳು,
ತೊಳೆದದ್ದನ್ನೇ ತೊಳೆದಳು,
ತುಂಬಾ ಹೊತ್ತು.
ನಾನು ಹಿತ್ತಲಿಗೆ ಹೋದೆ.

ಯುಗಾದಿಯ ಬೆಳಿಗ್ಗೆ ತಾರಸಿಯಲ್ಲಿದ್ದಾಗ ಫೋನು ಬಂತು.
"ಹತ್ತಿತಾ?"
"ಯಾವುದು?" ಅಂದೆ.
ಹೇಳಿದರೆ ಇಬ್ಬರೂ ಸಿಕ್ಕಿಬಿದ್ದ ಹಾಗೆ.
"ಅದೇ, ಅವತ್ತು... ಬಸ್ಸು ಸಿಕ್ಕಿತಾ ಅಂತ."
ಎರಡು ತಿಂಗಳಾದ ಮೇಲೆ ಕೇಳುತ್ತಾಳೆ.
"ಹೂಂ ಕಣೇ, ಕಿಟಕಿ ಪಕ್ಕವೇ ಸೀಟು," ಅಂದೆ,
ಅಕ್ಕಿಕಾಳಿನಷ್ಟು ಹಸಿರನ್ನು
ಎಡಗೈ ಬೆರಳಲ್ಲಿ ಮುಟ್ಟಿಯೂ ಮುಟ್ಟದ ಹಾಗೆ.